ಕೆಂಚಪ್ಪನ ತಲೆಯೊಳಗಿನ ಹಳೆಯ ರಕ್ತ

2005ನೇ ಇಸವಿಯಲ್ಲಿ ನಾನು ತಿಪಟೂರಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದೆ. ಹಳ್ಳಿಯವರ ಬಾಯಲ್ಲಿ ‘ಕುಯ್ಯೋ ಡಾಕ್ಟ್ರಮ್ಮ’. ಅಪೆಂಡಿಕ್ಸ್, ಹರ್ನಿಯಾ, ತೆಂಗಿನ ಮರದಿಂದ ಬಿದ್ದವರ ಮುರಿದ ಮೂಳೆ, ಸಕ್ಕರೆ ಕಾಯಿಲೆಯಿಂದ ಕೊಳೆತ ಕಾಲ್ಬೆರಳು, ಎಲ್ಲವೂ ನನ್ನ ಪಾಲಿಗೇ ಬರುತ್ತಿತ್ತು. ಕೋಪ ನನಗೆ ಮೂಗಿನ ತುದಿಯಲ್ಲೇ ಇತ್ತು. ಬೆಳಿಗ್ಗೆ ನಾನು ಮೆಟ್ಟಿಲು ಹತ್ತುವ ಸದ್ದು ಕೇಳಿಯೇ ನರ್ಸ್‌ಗಳು ಇವತ್ತು ಯಾರಿಗೆ ಗ್ರಹಚಾರ ಎಂದು ಪಂದ್ಯ ಕಟ್ಟುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಆ ಕೋಪ ಇಳಿದಿದೆ ಎಂದು ನಾನು ಅಂದುಕೊಂಡಿದ್ದೇನೆ, ಮನೆಯವರು ಒಪ್ಪುವುದಿಲ್ಲ. ಆದರೆ ಈಗ ಹೇಳಹೊರಟಿರುವ ಪ್ರಕರಣವನ್ನು ನೆನೆದಾಗಲೆಲ್ಲ ಅದು ಮತ್ತೆ ಏರುತ್ತದೆ ಎನ್ನುವುದನ್ನು ನಾನೂ ಒಪ್ಪುತ್ತೇನೆ.

ನಮ್ಮ ಆಸ್ಪತ್ರೆಗೆ ಟೆಲಿಮೆಡಿಸಿನ್ ಬಂದು ಆಗ ಸುಮಾರು ಒಂದು ವರ್ಷವಾಗಿತ್ತು. ಟೆಲಿಮೆಡಿಸಿನ್ ಎಂದರೆ ದೂರದ ತಜ್ಞರನ್ನು ಉಪಗ್ರಹದ ಮೂಲಕ ರೋಗಿಯ ಎದುರಿಗೆ ತಂದು ಕೂರಿಸುವುದು. ಛಾವಣಿಯ ಮೇಲೆ ಒಂದು ದೊಡ್ಡ ಡಿಶ್. ಕೆಳಗೆ, ಮೊದಲು ಹಾಸಿಗೆ ಬಟ್ಟೆ ಇಡುತ್ತಿದ್ದ ಕೋಣೆಯಲ್ಲಿ, ಒಂದು ಕಂಪ್ಯೂಟರ್, ದೊಡ್ಡ ಮಾನಿಟರ್, ಕ್ಯಾಮೆರಾ, ಮೈಕು, ಎಕ್ಸ್-ರೇ ಫಿಲ್ಮನ್ನು ಕಂಪ್ಯೂಟರಿಗೆ ಏರಿಸುವ ಸ್ಕ್ಯಾನರ್. ನೂರನಲವತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಕುಳಿತ ವೈದ್ಯರು ಫಿಲ್ಮ್ ನೋಡಿ, ರೋಗಿಯನ್ನು ಮಾತಾಡಿಸಿ, ಏನು ಮಾಡಬೇಕೆಂದು ನಮಗೆ ಹೇಳುತ್ತಿದ್ದರು. ಮಾತು ಒಂದೆರಡು ಕ್ಷಣ ತಡವಾಗಿ ಬರುತ್ತಿತ್ತು. ಇದನ್ನೆಲ್ಲ ನಡೆಸುತ್ತಿದ್ದವಳು ನಾಗವೇಣಿ ಎಂಬ ಟೆಕ್ನಿಶಿಯನ್. ಎರಡು ಮಕ್ಕಳ ತಾಯಿ, ಗಟ್ಟಿ ಹೆಂಗಸು. ಆ ಯಂತ್ರಗಳ ಮೇಲೆ ಧೂಳು ಕಂಡರೆ ಆಕೆ ನನ್ನನ್ನೂ ಬಿಡದೆ ಗದರುತ್ತಿದ್ದಳು.

ಗುರುವಾರ ಹಿರಿಯರ ದಿನ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಅಜ್ಜ ಅಜ್ಜಿಯರು ಬೆಳಗಿನ ಬಸ್ಸಿಗೇ ಬಂದು ಕೂರುತ್ತಿದ್ದರು. ಬೆಂಗಳೂರಿಗೆ ಹೋಗಿ ಬರುವ ಶಕ್ತಿ ಇಲ್ಲದವರಿಗೆ ಹೃದಯದ, ಸಕ್ಕರೆಯ, ಕೀಲಿನ ತಜ್ಞರು ಇಲ್ಲೇ ಸಿಗುತ್ತಿದ್ದರು. ಕ್ಯಾಮೆರಾ ಮುಂದೆ ಕೂತ ಅಜ್ಜಿಯರು ಸೆರಗು ಸರಿಮಾಡಿಕೊಂಡು ‘ಟೀವಿ ಡಾಕ್ಟ್ರಿಗೆ’ ಕೈ ಮುಗಿಯುತ್ತಿದ್ದರು. ಒಬ್ಬ ಅಜ್ಜಿ ಅಂತೂ ಪ್ರತಿ ಸಲ ಎರಡು ಬಾಳೆಹಣ್ಣನ್ನು ಮಾನಿಟರ್ ಮುಂದೆ ಇಟ್ಟೇ ಮಾತು ಶುರುಮಾಡುತ್ತಿತ್ತು. ನಾನು ಮೊದಮೊದಲು ಇದೆಲ್ಲ ದೊಡ್ಡವರ ದುಡ್ಡಿನ ಆಟ ಎಂದು ಮೂಗು ಮುರಿದಿದ್ದೆ. ಆರು ತಿಂಗಳಲ್ಲಿ ಎದೆನೋವಿನ ಮೂರ್ನಾಲ್ಕು ಮುದುಕರನ್ನು ಅದು ಸಕಾಲದಲ್ಲಿ ಹಿಡಿದುಕೊಟ್ಟ ಮೇಲೆ ಬಾಯಿ ಮುಚ್ಚಿಕೊಂಡೆ.

ಅಕ್ಟೋಬರ್ ತಿಂಗಳು. ಆಯುಧಪೂಜೆ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಬೆಳಿಗ್ಗೆ ಹೊರರೋಗಿಗಳನ್ನು ನೋಡುತ್ತ ಕೂತಿದ್ದಾಗ ಗೇಟಿನ ಹತ್ತಿರ ಬೊಬ್ಬೆ ಎದ್ದಿತು. ಒಂದು ವ್ಯಾನು ಹಾರನ್ ಒತ್ತಿ ಹಿಡಿದುಕೊಂಡೇ ಒಳಗೆ ನುಗ್ಗಿತು. ಅದರಿಂದ ನಲವತ್ತೈದರ ಆಸುಪಾಸಿನ ಒಬ್ಬ ಗಂಡಸನ್ನು ಎತ್ತಿ ತಂದರು. ಪಂಚೆ, ಅಂಗಿ ಎಲ್ಲ ರಕ್ತದಲ್ಲಿ ಅದ್ದಿ ತೆಗೆದಂತಿತ್ತು. ಬಲಗೈಗೆ ಸುತ್ತಿದ್ದ ಗೋಣಿಚೀಲವನ್ನು ಬಿಚ್ಚಿದಾಗ ಸೀಮೆಎಣ್ಣೆ ವಾಸನೆ ಮುಖಕ್ಕೆ ರಾಚಿತು. ರಕ್ತ ನಿಲ್ಲಲೆಂದು ಸುರಿದು, ಮೇಲೆ ಒಲೆಯ ಬೂದಿ ಮೆತ್ತಿದ್ದರು. ಮಣಿಕಟ್ಟಿನಿಂದ ಕೆಳಗಿನ ಕೈ ಬರೀ ಒಂದು ಪಟ್ಟಿ ಚರ್ಮದಲ್ಲಿ ಜೋತಾಡುತ್ತಿತ್ತು. ಮಚ್ಚಿನ ಏಟು ಒಂದಲ್ಲ, ಎರಡು ಬಿದ್ದಿದ್ದವು. ಆತನ ಹೆಸರು ಶಿವಣ್ಣ. ತುರುವೇಕೆರೆ ತಾಲ್ಲೂಕಿನ ಸಂಪಿಗೆ ಕಡೆಯ ಒಂದು ಹಳ್ಳಿಯವನು.

ರಕ್ತನಾಳಗಳನ್ನು ಕ್ಲ್ಯಾಂಪ್ ಹಾಕಿ ಹಿಡಿದು, ಅವನನ್ನು ಟೆಲಿಮೆಡಿಸಿನ್ ಕೋಣೆಗೇ ತಳ್ಳಿಸಿದೆ. ತುಂಡಾದ ಕೈಯನ್ನು ಮತ್ತೆ ಜೋಡಿಸುವ ಪ್ಲಾಸ್ಟಿಕ್ ಸರ್ಜನ್ ಬೆಂಗಳೂರಿನಲ್ಲಿದ್ದರು. ಅವರು ಕ್ಯಾಮೆರಾದಲ್ಲಿ ಗಾಯವನ್ನು ಹತ್ತಿರದಿಂದ ನೋಡಿದರು. ಜಜ್ಜಿದ ಅಂಚು, ಸೀಮೆಎಣ್ಣೆ, ಬೂದಿ, ಕಳೆದುಹೋದ ಹೊತ್ತು, ಎಲ್ಲ ಕೇಳಿದರು. “ಇಲ್ಲ ಡಾಕ್ಟ್ರೇ, ಆಗಲ್ಲ” ಎಂದರು. ನಾನು ಆ ಚರ್ಮದ ಪಟ್ಟಿಯನ್ನು ಕತ್ತರಿಸಿದೆ. ಕೈಯನ್ನು ಟ್ರೇಗೆ ಹಾಕಿದಾಗ ಅದು ಇನ್ನೂ ಏನನ್ನೋ ಹಿಡಿಯುವಂತೆ ಬಾಗಿಕೊಂಡಿತ್ತು.

ಆತನ ಗಾಯ ಹೊಲಿದು ಹೊರಗೆ ಬರುವಷ್ಟರಲ್ಲಿ ಎರಡನೆಯ ಗಾಡಿ ಬಂದಿತ್ತು. ಟ್ರಾಕ್ಟರ್ ಟ್ರೈಲರಿನಲ್ಲಿ ಒಬ್ಬ ಮುದುಕನನ್ನು ತೆಂಗಿನ ನಾರಿನ ಹಗ್ಗದಿಂದ ಕೈಕಾಲು ಬಿಗಿದು ಮಲಗಿಸಿದ್ದರು. ಎಪ್ಪತ್ತು ದಾಟಿದ ಒಣಗಿದ ದೇಹ. ಮೂಗು ಮುರಿದಿತ್ತು. ಬೆನ್ನಿನ ಮೇಲೆ, ತೊಡೆಯ ಮೇಲೆ ಎಡೆಮಟ್ಟೆಯಲ್ಲಿ ಬಡಿದ ಬಾಸುಂಡೆಗಳು. ತೆಂಗಿನ ಗರಿಯ ಆ ದಪ್ಪ ದಂಟಿನ ಏಟು ತಿಂದವರನ್ನು ಅಷ್ಟು ವರ್ಷ ನೋಡಿದವಳಿಗೆ ಗುರುತು ಹಿಡಿಯುವುದು ಕಷ್ಟವೇನಲ್ಲ. ಈತ ಕೆಂಚಪ್ಪ. ಶಿವಣ್ಣನ ತೋಟದ ಪಕ್ಕದ ತೋಟದವನು. ಶಿವಣ್ಣನ ಕೈ ಕಡಿದವನು ಇವನೇ.

ನಡೆದದ್ದನ್ನು ಹೇಳಿದವನು ಶಿವಣ್ಣನ ತಮ್ಮ ಲೋಕೇಶ. ಹೇಳಿದ ಎನ್ನುವುದಕ್ಕಿಂತ ಅರಚಿದ ಎನ್ನಬೇಕು. ಎರಡು ತೋಟಗಳ ನಡುವಿನ ಬದುವಿಗೆ ಹಳೆಯ ಜಗಳವಿತ್ತು. ಬದುವಿನ ಮೇಲಿನ ಒಂದು ಸಾಲು ಮರ ಯಾರದ್ದು ಎಂಬುದು ಬಗೆಹರಿದಿರಲಿಲ್ಲ. ಕೊನೆಗೆ ಶ್ರಾವಣದಲ್ಲಿ ಊರಮ್ಮನ ಗುಡಿ ಮುಂದೆ ಪಂಚಾಯ್ತಿ ಸೇರಿತು. ಕೆಂಚಪ್ಪ ಅಂಗೈಯಲ್ಲಿ ಕರ್ಪೂರ ಹಚ್ಚಿ, ಬದು ನನ್ನದು ಎಂದು ಆಣೆ ಇಟ್ಟು, ಆ ಉರಿಯನ್ನು ಆರಿಸಿದ. ಕರ್ಪೂರ ಆರಿಸಿದ ಮೇಲೆ ಮಾತಿಲ್ಲ. ಬದು ಕೆಂಚಪ್ಪನಿಗೆ ಹೋಯಿತು. ಆ ಬೆಳಿಗ್ಗೆ ಶಿವಣ್ಣ ಬಿದ್ದ ಕಾಯಿ ಆಯಲು ತನ್ನ ತೋಟಕ್ಕೆ ಹೋಗಿದ್ದ. ಕೊಬ್ಬರಿಗೆ ಕಾಯಿ ಮರದಲ್ಲೇ ಪೂರ್ತಿ ಬಲಿಯಬೇಕಾದ್ದರಿಂದ, ತಾನಾಗಿ ಉದುರಿದ್ದನ್ನು ಬೆಳಿಗ್ಗೆ ಬೆಳಿಗ್ಗೆ ಆಯುವುದು ಅಲ್ಲಿ ಮನೆಮನೆಯ ರೂಢಿ. ಬದುವಿನಿಂದ ಈಚೆಗೆ ಬಿದ್ದ ಒಂದು ಕಾಯಿಗೆ ಬಗ್ಗಿ ಕೈ ಚಾಚಿದ್ದಾನೆ. ಹಿಂದಿನಿಂದ ಬಂದ ಕೆಂಚಪ್ಪ ಆ ಕೈ ಮೇಲೇ ಮಚ್ಚು ಬೀಸಿದ್ದಾನೆ.

“ಆಣೆ ಮಾಡಿ ಬದು ತಗಂಡ, ಈಗ ಕೈಯೂ ತಗಂಡ. ಇವತ್ತು ಈ ಮುದುಕ ಜೀವಂತ ಆಚೆಗೆ ಹೋಗಲ್ಲ ಕಣಮ್ಮ!” ಎಂದ ಲೋಕೇಶ. ಅವನ ಹಿಂದೆ ಮೂವತ್ತು ಜನಕ್ಕೆ ಕಡಿಮೆ ಇರಲಿಲ್ಲ. ಆಚೆ ಕಡೆ ಕೆಂಚಪ್ಪನ ಕಡೆಯವರು. ನಡುವೆ ಒಬ್ಬನೇ ಒಬ್ಬ ಕಾನ್‌ಸ್ಟೇಬಲ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

ಕೆಂಚಪ್ಪನ ಹಗ್ಗ ಬಿಚ್ಚಿಸಿದ್ದು ನಾನೇ. ಕಟ್ಟಿಹಾಕಿದ ಮನುಷ್ಯನನ್ನು ಪರೀಕ್ಷೆ ಮಾಡಲಾಗುವುದಿಲ್ಲ. ಬಿಚ್ಚಿದ್ದೇ ತಡ, ಎಡಗೈಯಿಂದ ನನ್ನ ಮುಖಕ್ಕೆ ಒಂದು ಬಿಗಿದ. ಕನ್ನಡಕ ಎರಡು ತುಂಡಾಯಿತು, ತುಟಿ ಒಡೆಯಿತು. ನರ್ಸ್ ಹೊಟ್ಟೆಗೆ ಒದೆ ಬಿತ್ತು. ನಾಲ್ಕು ಜನ ಮೇಲೆ ಬಿದ್ದು ಹಿಡಿದರು. ಆ ಗದ್ದಲದಲ್ಲೂ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಹೊಡೆದದ್ದು, ಒದ್ದದ್ದು ಎಲ್ಲ ಎಡಗೈ, ಎಡಗಾಲು. ಬಲಗೈ ಸುಮ್ಮನೆ ಪಕ್ಕದಲ್ಲಿ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಅರಚಾಟ ನಿಂತು ಆತ ಮಂಪರಿಗೆ ಜಾರಿದ. ಟಾರ್ಚ್ ಬಿಟ್ಟು ನೋಡಿದೆ. ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ದೊಡ್ಡದಾಗಿತ್ತು. ತಲೆಯೊಳಗೆ ಏನೋ ಮೆದುಳನ್ನು ಅಮುಕುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನನ್ನ ಸಿಟ್ಟು ಅಲ್ಲೇ ಇಳಿದು, ಆ ಜಾಗಕ್ಕೆ ಹೆದರಿಕೆ ಬಂತು.

ಕೆಂಚಪ್ಪನ ಮಗ ರಂಗಸ್ವಾಮಿಗೆ ಇದು ಗೊತ್ತಾದದ್ದೇ ಧ್ವನಿ ಏರಿತು. “ನೋಡ್ರೀ, ಇವ್ರು ಹೊಡೆದು ಹೊಡೆದು ನಮ್ಮಪ್ಪನ ತಲೆ ಒಡ್ದವ್ರೆ. ಹಂಗಂತ ಬರ್ಕೊಳಿ. ಕೊಲೆ ಕೇಸು ಹಾಕ್ತೀನಿ.” ಪಕ್ಕದಲ್ಲಿ ಅವನ ಹೆಂಡತಿ ಜಯಮ್ಮ ಸೆರಗಿನಲ್ಲಿ ತೋಳು ಮುಚ್ಚಿಕೊಂಡು ನಿಂತಿದ್ದಳು. ಸೆರಗು ಸರಿಸಿ ನೋಡಿದೆ. ಮೊಣಕೈ ಮೇಲೆ ಹಲ್ಲಿನ ಗುರುತು, ಕೀವು ತುಂಬಿತ್ತು.

“ಯಾರು ಕಚ್ಚಿದ್ದು?”

“ಮಾವಯ್ಯ” ಎಂದಳು ಕೆಳದನಿಯಲ್ಲಿ.

ಕೀವು ಕಟ್ಟಿದ ಗಾಯ ಇವತ್ತಿನದಲ್ಲ. ಅವಳನ್ನು ಪಕ್ಕಕ್ಕೆ ಕರೆದು ಕೇಳಿದಾಗ ಒಂದೊಂದಾಗಿ ಹೊರಬಂತು. ಗೌರಿ ಹಬ್ಬದ ನಂತರ ಮಾವ ಬದಲಾಗಿಬಿಟ್ಟಿದ್ದರು. ತಲೆನೋವು ಎಂದು ಮೂಲೆ ಹಿಡಿಯುವುದು, ತಟ್ಟೆ ಎಸೆಯುವುದು, ಸೊಸೆಯನ್ನು ಸತ್ತುಹೋದ ತಂಗಿಯ ಹೆಸರಿನಲ್ಲಿ ಕರೆಯುವುದು. ಮಗನಿಗೆ ಒನಕೆಯಲ್ಲಿ ಹೊಡೆದದ್ದೂ ಆಯಿತು. ಒಬ್ಬರು ಅರಳುಮರಳು ಎಂದರು, ಇನ್ನೊಬ್ಬರು ಗಾಳಿ ಸೋಕಿದೆ ಎಂದರು. ತಾಯಿತ ಕಟ್ಟಿಸಿದರು. ಕಡೆಗೆ ಅಟ್ಟದ ಕಂಬಕ್ಕೆ ಕಟ್ಟಿಹಾಕುತ್ತಿದ್ದರು. ಆ ಬೆಳಿಗ್ಗೆ ಹಗ್ಗ ಬಿಚ್ಚಿಕೊಂಡು ತೋಟಕ್ಕೆ ಹೋಗಿದ್ದರು. ಮುಂಚೆ ಗುರುವಾರಗಳಲ್ಲಿ ಬಿಪಿ ತೋರಿಸಲು ನಮ್ಮಲ್ಲಿಗೇ ಬರುತ್ತಿದ್ದವರು ಈಚೆಗೆ ಬರಲು ಒಪ್ಪುತ್ತಲೇ ಇರಲಿಲ್ಲವಂತೆ.

“ಯಾಕೆ?” ಎಂದೆ.

“ಟೀವಿ ಡಾಕ್ಟ್ರಿಗೆ ತಲೆ ಒಳಗೆಲ್ಲ ಕಾಣ್ತದೆ ಅಂತಿದ್ರು.”

“ತಲೆಗೆ ಏನಾದರೂ ಪೆಟ್ಟು ಬಿದ್ದಿತ್ತಾ?”

ಜಯಮ್ಮ ಗಂಡನ ಕಡೆ ನೋಡಿದಳು. ರಂಗಸ್ವಾಮಿ ಅವಳು ಬಾಯಿ ತೆರೆಯುವ ಮುಂಚೆಯೇ “ಎಂಥದೂ ಇಲ್ಲ, ಇವತ್ತು ಬಿದ್ದಿದ್ದೇ” ಎಂದ.

ಎದುರುಗಡೆಯ ಸ್ಕ್ಯಾನ್ ಸೆಂಟರಿನಲ್ಲಿ ಸಿಟಿ ಸ್ಕ್ಯಾನ್ ಮಾಡಿಸಿದೆವು. ತಲೆಯನ್ನು ಎಕ್ಸ್-ರೇಯಿಂದ ಹೋಳು ಹೋಳಾಗಿ ಚಿತ್ರ ತೆಗೆಯುವ ಯಂತ್ರ ಅದು. ಫಿಲ್ಮನ್ನು ನಾಗವೇಣಿ ಕಂಪ್ಯೂಟರಿಗೆ ಏರಿಸಿ ಬೆಂಗಳೂರಿಗೆ ಕಳಿಸಿದಳು. ಅಲ್ಲಿ ಮೆದುಳಿನ ಸರ್ಜನ್ ಡಾ. ಶಶಿಧರ್ ಸಿದ್ಧರಾಗಿದ್ದರು. ಕೋಣೆಯ ಬಾಗಿಲು ಹಾಕಲು ಆಗಲಿಲ್ಲ. ಒಂದು ಕಡೆ ಲೋಕೇಶನ ಜನ, ಇನ್ನೊಂದು ಕಡೆ ರಂಗಸ್ವಾಮಿಯ ಜನ, ಹೊಸ್ತಿಲಿನ ಮೇಲೇ ತಳ್ಳಾಡುತ್ತಿದ್ದರು. ಮಾನಿಟರಿನ ಅರ್ಧದಲ್ಲಿ ಶಶಿಧರ್ ಮುಖ, ಇನ್ನರ್ಧದಲ್ಲಿ ಕೆಂಚಪ್ಪನ ತಲೆಯ ಚಿತ್ರ.

“ಡಾಕ್ಟ್ರೇ, ಎಡಗಡೆ ತಲೆಬುರುಡೆಗೂ ಮೆದುಳಿಗೂ ಮಧ್ಯೆ ರಕ್ತ ತುಂಬಿದೆ” ಎಂದರು ಶಶಿಧರ್. “ಹೊಸ ರಕ್ತ ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುತ್ತೆ. ಇಲ್ಲಿ ಒಂದು ಗೆರೆಯಷ್ಟು ಮಾತ್ರ ಬಿಳಿ ಇದೆ. ಮಿಕ್ಕಿದ್ದೆಲ್ಲ ಕಪ್ಪು. ಇದು ವಾರಗಟ್ಟಲೆ ಹಳೆಯದು. ಇವತ್ತಿನ ಹೊಡೆತದಿಂದ ಆದದ್ದಲ್ಲ.”

ಕಂಪ್ಯೂಟರಿನ ಸ್ಪೀಕರ್ ಜೋರಾಗಿತ್ತು. ಹೊಸ್ತಿಲಿನವರೆಗೂ ಕೇಳಿಸಿತು. ಇದನ್ನು ಇಲ್ಲಿ ಬಿಡಿಸಿ ಹೇಳಬೇಕು. ವಯಸ್ಸಾದಂತೆ ಮೆದುಳು ತುಸು ಕುಗ್ಗುತ್ತದೆ. ಅಟ್ಟದ ಮೇಲಿಟ್ಟ ಕಾಯಿಯೊಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಡುತ್ತದಲ್ಲ, ಹಾಗೆ. ಆಗ ಬುರುಡೆಗೂ ಮೆದುಳಿಗೂ ನಡುವಿನ ಎಳೆಯಂಥ ರಕ್ತನಾಳಗಳು ಬಿಗಿಯಾಗಿ ಎಳೆದು ನಿಂತಿರುತ್ತವೆ. ಸಣ್ಣ ಪೆಟ್ಟಿಗೂ ಹರಿದು, ತೊಟ್ಟು ತೊಟ್ಟಾಗಿ ರಕ್ತ ಒಸರಿ, ವಾರಗಳ ಮೇಲೆ ಮೆದುಳನ್ನು ಒತ್ತತೊಡಗುತ್ತದೆ. ತಲೆನೋವು, ಮರೆವು, ತೊದಲು ಬರುತ್ತವೆ. ಕೆಲವರಿಗೆ ಗುರುತೇ ಸಿಗದಂಥ ಸಿಟ್ಟು ಬರುತ್ತದೆ. ಇದಕ್ಕೆ ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ ಎನ್ನುತ್ತಾರೆ. ಮುದುಕರ ಕಾಯಿಲೆಗಳಲ್ಲಿ ಇದರಷ್ಟು ಸುಲಭವಾಗಿ ವಾಸಿಯಾಗುವುದೂ, ಇದರಷ್ಟು ಸುಲಭವಾಗಿ ಅರಳುಮರಳಿನ ಲೆಕ್ಕಕ್ಕೆ ಸೇರಿಹೋಗುವುದೂ ಬೇರೊಂದಿಲ್ಲ.

ಶಶಿಧರ್ ಮುಂದುವರಿದರು. “ನನಗೆ ಒಂದೇ ವಿಷಯ ಗೊತ್ತಾಗಬೇಕು. ಕೆಲವು ವಾರಗಳ ಹಿಂದೆ ತಲೆಗೆ ಪೆಟ್ಟು ಬಿದ್ದಿದ್ದು ನಿಜವಾದರೆ ನೀವೇ ಅಲ್ಲಿ ಎರಡು ತೂತು ಕೊರೆದು ರಕ್ತ ತೆಗೆಯಬಹುದು, ನಾನು ನೋಡಿಕೊಂಡು ಹೇಳ್ತೀನಿ. ಪೆಟ್ಟೇ ಬಿದ್ದಿಲ್ಲ ಅಂದ್ರೆ ಗಡ್ಡೆಯೋ, ಕೆಟ್ಟ ರಕ್ತನಾಳವೋ ಇರಬಹುದು. ಅದನ್ನು ಅಲ್ಲಿ ಮುಟ್ಟಬೇಡಿ, ಇಲ್ಲಿಗೆ ಕಳಿಸಿ.”

ಬೆಂಗಳೂರಿನವರೆಗೆ ಆ ಮುದುಕ ಬದುಕಿರುವುದಿಲ್ಲ ಎಂದು ನನಗೆ ಗೊತ್ತಿತ್ತು. ಉಸಿರು ಆಗಲೇ ಏರುಪೇರಾಗಿತ್ತು. ನಾನು ರಂಗಸ್ವಾಮಿಯ ಅಂಗಿಯ ಎದೆ ಹಿಡಿದು ಕೇಳಿದೆ. “ಪೆಟ್ಟು ಬಿದ್ದಿತ್ತೋ ಇಲ್ಲವೋ? ನಿಮ್ಮಪ್ಪ ಸಾಯ್ತಾ ಇದಾನೆ. ಬೊಗಳು!”

“ಇಲ್ಲ ಅಂದ್ನಲ್ಲ!”

ಆಗ ಜಯಮ್ಮ ಮುಂದೆ ಬಂದಳು. ಕ್ಯಾಮೆರಾ ಕಡೆಗೆ ತಿರುಗಿ, ಶಶಿಧರ್‌ಗೇ ಹೇಳುವಂತೆ ಹೇಳಿದಳು. “ಬಿದ್ದಿತ್ತು ಕಣ್ರೀ. ಗೌರಿ ಹಬ್ಬದ ಹಿಂದಿನ ದಿನ. ತೋಟದಾಗೆ ಕಾಯಿ ಬಿತ್ತು, ಮಾವಯ್ಯನ ತಲೆ ಮೇಲೆ. ನಾನೇ ನೋಡ್ದೆ. ಯಾರ್ಗೂ ಹೇಳ್ಬ್ಯಾಡ ಅಂತ ಆಣೆ ಹಾಕುಸ್ಕಂಡ್ರು.”

ಹೊಸ್ತಿಲಿನ ಮೇಲಿನ ತಳ್ಳಾಟ ತಟ್ಟನೆ ನಿಂತಿತು. ತೆಂಗಿನ ಸೀಮೆಯಲ್ಲಿ ಬೆಳೆದವರಿಗೆ ಅದರ ಅರ್ಥ ಹೇಳಬೇಕಿಲ್ಲ, ಬೇರೆಯವರಿಗೆ ಹೇಳಬೇಕು. ಕಾಯಿಗೆ ಮೂರು ಕಣ್ಣುಂಟು, ಅದು ನೋಡಿಯೇ ಬೀಳುತ್ತದೆ, ಮನುಷ್ಯನ ತಲೆ ಮೇಲೆ ಬೀಳುವುದಿಲ್ಲ ಎಂಬುದು ಅಲ್ಲಿನವರ ನಂಬಿಕೆ. ದಿನವಿಡೀ ಆ ಮರಗಳ ಕೆಳಗೆ ಓಡಾಡುವ ಜನಕ್ಕೆ ಆ ಧೈರ್ಯ ಬೇಕೂ ಬೇಕು. ಹಾಗೂ ಒಬ್ಬನ ತಲೆ ಮೇಲೆ ಬಿದ್ದರೆ ಅವನು ಪಾಪಿಯೇ ಇರಬೇಕು. ಕರ್ಪೂರ ಆರಿಸಿ ಬದು ಗೆದ್ದವನ ತಲೆ ಮೇಲೆ, ಅದೂ ಆಣೆಯ ಬೆನ್ನಿಗೇ, ಕಾಯಿ ಬಿತ್ತೆಂದರೆ ಊರು ಏನನ್ನುತ್ತದೆ? ಕೆಂಚಪ್ಪ ಬಾಯಿ ಮುಚ್ಚಿಕೊಂಡ. ಮನೆಯವರ ಬಾಯನ್ನೂ ಮುಚ್ಚಿಸಿದ.

ಲೋಕೇಶನಿಗೆ ಇದು ಹೊಳೆಯಲು ಹೊತ್ತು ಬೇಕಾಗಲಿಲ್ಲ. “ಕೇಳುದ್ರೇನ್ರಲಾ! ಆಣೆ ಸುಳ್ಳು! ಊರಮ್ಮನೇ ಹೊಡ್ದವ್ಳೆ!” ಎಂದು ಕೂಗಿ ಒಳಗೆ ನುಗ್ಗಿದ. ರಂಗಸ್ವಾಮಿ ಅವನ ಕಡೆಗೆ ಹೋಗಲಿಲ್ಲ. ಹೆಂಡತಿಯ ಕಡೆಗೆ ತಿರುಗಿದ. ಅವಳ ಜಡೆ ಹಿಡಿದು ಗೋಡೆಗೆ ಅಪ್ಪಳಿಸಿದ. ಮುಖದಿಂದ ರಕ್ತ ಚಿಮ್ಮಿ ಸ್ಕ್ಯಾನರ್ ಮೇಲೆ ಬಿತ್ತು. ಬಿಡಿಸಲು ಹೋದ ನಾಗವೇಣಿಗೆ ಮೊಣಕೈ ಏಟು. ಆಮೇಲೆ ಅವನು ಮಾನಿಟರನ್ನು ಎರಡೂ ಕೈಯಲ್ಲಿ ಎತ್ತಿ, ಅದರ ಅರ್ಧದಲ್ಲಿ ಶಶಿಧರ್ “ಏನಾಗ್ತಿದೆ ಅಲ್ಲಿ?” ಎಂದು ಕೇಳುತ್ತಿರುವಂತೆಯೇ, ನೆಲಕ್ಕೆ ಬಡಿದ. ಗಾಜು ಕೋಣೆಯ ತುಂಬ ಸಿಡಿಯಿತು. ಕೇಬಲ್ಲುಗಳನ್ನು ಕಿತ್ತ. ಅಪ್ಪನ ತಲೆಯೊಳಗಿನದನ್ನು ಊರಿಗೆ ತೋರಿಸಿದ ಆ ಪೆಟ್ಟಿಗೆಯನ್ನು ಕಾಲಿನಿಂದ ತುಳಿದು ತುಳಿದು ಪುಡಿಮಾಡಿದ. ಶತ್ರುಗಳು ಒಡೆಯುತ್ತಾರೆಂದು ನಾವು ಹೆದರಿದ್ದೆವು, ಒಡೆದವನು ಮಗ.

ನಾನು ಮಾಡಿದ್ದನ್ನೂ ಬರೆಯುತ್ತೇನೆ. ಇನ್‌ಸ್ಟ್ರುಮೆಂಟ್ ಟ್ರೇ ಎತ್ತಿ ರಂಗಸ್ವಾಮಿಯ ಬೆನ್ನಿಗೆ ಬಾರಿಸಿದೆ. ತಿರುಗಿದವನ ಕೆನ್ನೆಗೆ ಇನ್ನೊಂದು. ವೈದ್ಯರು ರೋಗಿಯ ಕಡೆಯವರಿಗೆ ಹೊಡೆಯಬಾರದೆಂದು ನನಗೂ ಪಾಠ ಮಾಡಿದ್ದರು. ಈ ಹೊಡೆತದ ಬಗ್ಗೆ ನನಗೆ ಆಗಲೂ ಪಶ್ಚಾತ್ತಾಪವಿರಲಿಲ್ಲ, ಈಗಲೂ ಇಲ್ಲ. ಅಷ್ಟರಲ್ಲಿ ಠಾಣೆಯಿಂದ ಇನ್ನಷ್ಟು ಪೊಲೀಸರು ಬಂದು ಲಾಠಿ ಬೀಸಿದರು. ಜನ ಹೊರಗೆ ಹೋಗಿ ನಮ್ಮ ಆಂಬ್ಯುಲೆನ್ಸ್ ಗಾಜು ಒಡೆದರು.

ಆಪರೇಷನ್ನಿಗೆ ಒಪ್ಪಿಗೆಯ ಸಹಿ ಹಾಕಲು ರಂಗಸ್ವಾಮಿ ಒಲ್ಲೆ ಎಂದ. “ಸತ್ರೆ ಸಾಯ್ಲಿ ಬುಡು” ಎಂದುಬಿಟ್ಟ. ಸತ್ತರೆ ಕೊಲೆ ಕೇಸು ಉಳಿಯುತ್ತಿತ್ತು, ಬದುಕಿದರೆ ಕಾಯಿ ಬಿದ್ದ ಸುದ್ದಿ ಉಳಿಯುತ್ತಿತ್ತು. ಜಯಮ್ಮ ಒಡೆದ ಹುಬ್ಬಿಗೆ ಹತ್ತಿ ಒತ್ತಿಕೊಂಡೇ ಬಂದು ಸಹಿ ಹಾಕಿದಳು. ಅವಳನ್ನು ಕಚ್ಚಿದವನ ಜೀವಕ್ಕೆ ಅವಳೇ ಹೊಣೆ ನಿಂತಳು. ಇಷ್ಟು ವರ್ಷಗಳಲ್ಲಿ ನಾನು ಕಂಡ ಸಹಿಗಳಲ್ಲಿ ಅದರಷ್ಟು ಗೌರವ ಬೇರೆ ಯಾವುದಕ್ಕೂ ನನ್ನಲ್ಲಿಲ್ಲ.

ಮಾನಿಟರ್ ಹೋಗಿತ್ತು, ಶಶಿಧರ್ ನೋಡಿದ ಚಿತ್ರ ಅವರ ಹತ್ತಿರ ಉಳಿದಿತ್ತು. ನಾಗವೇಣಿ ಊದಿಕೊಂಡ ಕೆನ್ನೆಯಲ್ಲೇ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಥಿಯೇಟರಿಗೆ ಬಂದಳು. ತನ್ನ ಮೊಬೈಲಿನಲ್ಲಿ ಅವರಿಗೆ ಫೋನ್ ಮಾಡಿ, ಅದನ್ನು ನನ್ನ ಕಿವಿಗೆ ಹಿಡಿದು ನಿಂತಳು. ಕಿವಿಯಿಂದ ಇಷ್ಟು ಮೇಲೆ, ಇಷ್ಟು ಮುಂದೆ ಎಂದು ಅವರು ತಮ್ಮ ಚಿತ್ರದಲ್ಲಿ ಅಳೆದು ಹೇಳಿದ ಜಾಗದಲ್ಲಿ ನಾನು ಚರ್ಮ ಕುಯ್ದೆ. ಬುರುಡೆ ಕೊರೆಯಲು ಇದ್ದದ್ದು ಕೈಯಲ್ಲಿ ತಿರುಗಿಸುವ ಹಳೆಯ ಡ್ರಿಲ್. ಮೈಭಾರ ಬಿಟ್ಟು ತಿರುಗಿಸಬೇಕು, ಒಳಕ್ಕೆ ಜಾರಿದರೆ ಮೆದುಳಿಗೇ ಹೋಗುತ್ತದೆ. ಮೂಳೆಯ ಪುಡಿ ಕಾಯಿತುರಿಯಂತೆ ಉದುರಿತು. ಹೊರಗೆ ಕಲ್ಲು ಬೀಳುವ ಸದ್ದು ಕೇಳುತ್ತಿತ್ತು.

“ಮೂಳೆ ಮುಗಿದಾಗ ಕೈಗೆ ಗೊತ್ತಾಗುತ್ತೆ, ಅಲ್ಲೇ ನಿಲ್ಲಿಸಿ” ಎಂದರು ಶಶಿಧರ್.

ಗೊತ್ತಾಯಿತು. ಕೆಳಗಿನ ಪೊರೆಯನ್ನು ಸೀಳಿದ ಕೂಡಲೇ ಹಳೆಯ ಎಂಜಿನ್ ಆಯಿಲಿನಂಥ ಕಪ್ಪು ರಕ್ತ ಚಿಮ್ಮಿ ನನ್ನ ಮುಂಗೈ ತನಕ ಹರಿಯಿತು. ಎರಡನೆಯ ತೂತು ಕೊರೆದು, ಸಲೈನ್ ಹಾಕಿ ತೊಳೆದು ತೊಳೆದು ನೀರು ತಿಳಿಯಾಗುವವರೆಗೆ ಬಿಡಲಿಲ್ಲ. ಒಳಗೆ ತಗ್ಗಿಹೋಗಿದ್ದ ಮೆದುಳು ನಿಧಾನವಾಗಿ ಮೇಲೆದ್ದು ಮಿಡಿಯತೊಡಗಿತು. ಅರಿವಳಿಕೆ ವೈದ್ಯರು ಕಣ್ಣಿ‌ಗೆ ಟಾರ್ಚ್ ಬಿಟ್ಟು ನೋಡಿ, ಎಡ ಪಾಪೆ ಚಿಕ್ಕದಾಗಿದೆ ಎಂದರು. ನಾನು ಸ್ಟೂಲಿನ ಮೇಲೆ ಕುಸಿದು ಕೂತೆ. ಅಳು ಬಂತು. ನಾಗವೇಣಿಯೇ ಫೋನಿನಲ್ಲಿ ಶಶಿಧರ್‌ಗೆ ಪಾಪೆಯ ಸುದ್ದಿ ಹೇಳಿದಳು.

ಮಾರನೆಯ ದಿನ ಕೆಂಚಪ್ಪನಿಗೆ ಪೂರ್ತಿ ಎಚ್ಚರವಾಯಿತು. ಬಲಗೈ ಎತ್ತಿ ತಲೆಯ ಬ್ಯಾಂಡೇಜ್ ಮುಟ್ಟಿ ನೋಡಿಕೊಂಡ. ಜಯಮ್ಮನನ್ನು ಅವಳ ಸ್ವಂತ ಹೆಸರಿನಲ್ಲೇ ಕರೆದು, “ಬಿದ್ದ ಕಾಯಿ ಆಯ್ದ್ರೇನವ್ವ?” ಎಂದು ಕೇಳಿದ. ಹಬ್ಬದ ನಂತರದ ದಿನಗಳು ಅವನ ನೆನಪಿನಲ್ಲಿ ಇರಲೇ ಇಲ್ಲ. ಅವಳ ಹುಬ್ಬಿನ ಹೊಲಿಗೆ ಕಂಡು ಯಾರು ಹೊಡೆದದ್ದೆಂದು ಕೇಳಿದ. ಸುತ್ತಿಬಳಸಿ ಹೇಳುವುದು ನನಗೆ ಬಾರದು. ನಡೆದದ್ದನ್ನೆಲ್ಲ ನಾನೇ ಹೇಳಿದೆ, ಮಚ್ಚಿನ ಎರಡು ಏಟನ್ನೂ ಸೇರಿಸಿ. ಅವನು ಗೋಡೆಗೆ ತಲೆ ಚಚ್ಚಿಕೊಳ್ಳಲು ಹೋದ, ನರ್ಸ್ ಹಿಡಿದುಕೊಂಡಳು. ಎರಡು ದಿನ ಅನ್ನ ಮುಟ್ಟಲಿಲ್ಲ.

ಕೇಸು ನಡೆಯಿತು. ಸ್ಕ್ಯಾನ್ ಫಿಲ್ಮ್ ಹಿಡಿದುಕೊಂಡು ನಾನು ಸಾಕ್ಷಿ ಹೇಳಿದೆ. ಆಗ ಆತನ ಬುದ್ಧಿ ಸ್ವಾಧೀನದಲ್ಲಿರಲಿಲ್ಲವೆಂದು ನ್ಯಾಯಾಲಯ ಒಪ್ಪಿತು. ಜಯಮ್ಮ ತವರಿಗೆ ಹೋದಳು. ಮಾವ ಎರಡು ಸಲ ಹೋಗಿ ಕರೆದರೂ ಆ ಗಂಡನ ಮನೆಗೆ ಬರಲಿಲ್ಲ, ಸರಿಯಾಗಿಯೇ ಮಾಡಿದಳು. ಹೊಸ ಮಾನಿಟರ್ ಬರಲು ತಿಂಗಳುಗಳೇ ಬೇಕಾದವು. ಬಂದ ಮೇಲೆ ಗುರುವಾರಗಳಲ್ಲಿ ನಾನೊಂದು ಕಟ್ಟುಪಾಡು ಮಾಡಿದೆ. ಬಿಪಿ, ಸಕ್ಕರೆ ನೋಡುವ ಮುಂಚೆ ಜೊತೆಗೆ ಬಂದವರನ್ನೆಲ್ಲ ಹೊರಗೆ ಕಳಿಸಿ, ಮೈಕು ಮುಚ್ಚಿ, ಪ್ರತಿಯೊಬ್ಬ ಹಿರಿಯರನ್ನೂ ಕೇಳುತ್ತಿದ್ದೆ: ಎಲ್ಲಾದರೂ ಬಿದ್ದಿರಾ, ತಲೆ ಮೇಲೆ ಏನಾದರೂ ಬಿತ್ತಾ? ಬಿದ್ದಿತ್ತು ಎಂದವರು ನಾನು ಎಣಿಸಿದ್ದಕ್ಕಿಂತ ಹೆಚ್ಚು. ಬಿದ್ದದ್ದು ಕಾಯಿ ಎಂದವರೂ ಅವರಲ್ಲಿ ಒಬ್ಬಿಬ್ಬರಲ್ಲ.

ಇದೆಲ್ಲದಕ್ಕೂ ಮೊದಲು, ಆಸ್ಪತ್ರೆಯಿಂದ ಹೋಗುವ ಮುಂಚೆ, ಕೆಂಚಪ್ಪ ಶಿವಣ್ಣನ ವಾರ್ಡಿಗೆ ಕರೆದುಕೊಂಡು ಹೋಗಿ ಎಂದು ನನ್ನನ್ನು ಕೇಳಿಕೊಂಡ. ಲೋಕೇಶ ಇಲ್ಲದ ಹೊತ್ತು ನೋಡಿ, ಒಬ್ಬ ಕಾನ್‌ಸ್ಟೇಬಲ್ ಜೊತೆಗೆ ನಾನೇ ತೋಳು ಹಿಡಿದು ನಡೆಸಿದೆ. ಶಿವಣ್ಣ ಮಂಚದ ಮೇಲೆ ಕೂತಿದ್ದ. ಅವನ ಹೆಂಡತಿ ಅನ್ನ ಕಲಸಿ ಬಾಯಿಗಿಡುತ್ತಿದ್ದವಳು, ಕೆಂಚಪ್ಪನನ್ನು ಕಂಡು ತಟ್ಟೆ ಕೆಳಗಿಟ್ಟು ಎದ್ದು ಹೋದಳು.

ಕೆಂಚಪ್ಪ ಮಂಚದ ಕಂಬಿ ಹಿಡಿದು ನಿಂತ. “ಬದು ನಿಂದೇ ಕಣ್ಲಾ ಶಿವಣ್ಣ” ಎಂದ. “ನಾನು ಸುಳ್ಳು ಕರ್ಪೂರ ಆರುಸ್ದೆ. ಕಾಯಿ ಬಿದ್ದಾಗ್ಲೇ ನಂಗೆ ಗೊತ್ತಾಯ್ತು. ಅದ್ಕೇ ಬಾಯಿ ಬಿಡ್ನಿಲ್ಲ. ಎಲ್ರ ಮುಂದೆ ಹೇಳ್ತೀನಿ, ಬದು ನೀನೇ ತಗ.”

ಕಾಯಿ ಬಲಿತು ತೊಟ್ಟು ಕಳಚಿ ಬೀಳುತ್ತದೆ, ಅದಕ್ಕೆ ಯಾರ ಆಣೆಯೂ ತಿಳಿಯದು ಎಂದು ಬಾಯಿಗೆ ಬಂದ ಮಾತನ್ನು ನಾನು ನುಂಗಿಕೊಂಡೆ.  ಶಿವಣ್ಣ ಬ್ಯಾಂಡೇಜ್ ಸುತ್ತಿದ ಮೊಂಡು ತೋಳನ್ನು ಎತ್ತಿ ಅವನ ಮುಖದ ಮುಂದೆ ಹಿಡಿದ.

“ಬದು ತಗಂಡು ಯಾವ ಕೈಯಾಗೆ ಕಾಯಿ ಆಯ್ಲಿ, ಕೆಂಚಣ್ಣ?”

ಹಿರಿಯರಲ್ಲಿ ಇದ್ದಕ್ಕಿದ್ದಂತೆ ಬಂದ ಸಿಟ್ಟನ್ನು ಮೊದಲು ಕಾಯಿಲೆಯೆಂದು ನೋಡಬೇಕು, ಗುಣವೆಂದು ಆಮೇಲೆ. ಅವರ ತಲೆಗೆ ಬಿದ್ದ ಪೆಟ್ಟನ್ನು ಮರ್ಯಾದೆಗೆಂದು ಮುಚ್ಚಿಟ್ಟರೆ ಎಂಥ ಯಂತ್ರವೂ ತಡವಾಗಿಯೇ ನೋಡುತ್ತದೆ. ನನ್ನ ಕೆಲಸ ನನಗೆ ಕಲಿಸಿದ್ದು ಇದು. ಕಾಯಿ ಬಿದ್ದ ವಾರವೇ ಆ ಮನೆಯವರು ಬಾಯಿ ಬಿಟ್ಟಿದ್ದರೂ ಕೆಂಚಪ್ಪನ ತಲೆಗೆ ನಾನು ಅದೇ ಎರಡು ತೂತು ಕೊರೆಯಬೇಕಾಗುತ್ತಿತ್ತೇನೋ. ಶಿವಣ್ಣ ಮಾತ್ರ ತನ್ನ ಬಲಗೈಯಲ್ಲೇ ಉಣ್ಣುತ್ತಿದ್ದ.